ಲಿಂಕ್ ಒತ್ತದವರ ಕಂಪ್ಯೂಟರೂ ಏಕೆ ಕೈತಪ್ಪಿತು?

'ಅಪರಿಚಿತ ಲಿಂಕ್ ಒತ್ತದಿದ್ದರೆ ನಿಮ್ಮ ಕಂಪ್ಯೂಟರನ್ನು ಯಾವ ಹ್ಯಾಕರನೂ ಮುಟ್ಟಲಾರ' ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲಿಂಕ್ ಒತ್ತಬೇಡಿ ಎನ್ನುವ ಸಲಹೆ ಸರಿಯೇ. ಅಷ್ಟೇ ಸಾಕೆನ್ನುವುದು ತಪ್ಪು.

2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಕುತಂತ್ರಾಂಶವೇ ಅದಕ್ಕೆ ಸಾಕ್ಷಿ. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳುಹಿಸಬೇಕಾಯಿತು. ಅಲ್ಲಿನ ಸಿಬ್ಬಂದಿ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ.

ದೋಷವಿದ್ದದ್ದು ವಿಂಡೋಸ್‌ನೊಳಗೆ. ಕಡತ ಹಂಚಿಕೊಳ್ಳುವ ಸೇವೆಯೊಂದು ಬೇರೆ ಕಂಪ್ಯೂಟರುಗಳ ಸಂದೇಶಕ್ಕಾಗಿ ಸದಾ ಕಿವಿ ತೆರೆದು ಕೂತಿರುತ್ತದೆ. ಬಂದದ್ದಕ್ಕೆ ಮೆಮೊರಿಯಲ್ಲಿ ಎಷ್ಟು ಜಾಗ ಬೇಕೆಂಬ ಲೆಕ್ಕ ಅಲ್ಲಿ ತಪ್ಪಿತ್ತು. ಪಾವಿನ ಅಳತೆಗೆ ಸೇರಕ್ಕಿ ಸುರಿದರೆ ಚೆಲ್ಲುವುದಿಲ್ಲವೇ, ಹಾಗೆ ಹೆಚ್ಚಾದ ಮಾಹಿತಿ ಪಕ್ಕದ ಜಾಗಕ್ಕೆ ಹರಿಯಿತು. ಚೆಲ್ಲಿದ್ದರಲ್ಲಿ ದಾಳಿಕೋರನ ಆಜ್ಞೆಗಳೂ ಇದ್ದವು. ಕಂಪ್ಯೂಟರ್ ಅವನ್ನು ತನ್ನವೆಂದೇ ನಂಬಿ ನಡೆಸಿತು. ಪಾಸ್‌ವರ್ಡ್ ಕೇಳಲೇ ಇಲ್ಲ. ಸೋಂಕು ತಗುಲಿದ ಕಂಪ್ಯೂಟರ್ ತಾನಾಗಿಯೇ ಮುಂದಿನದನ್ನು ಹುಡುಕಿ ಹೊರಟಿತು.

ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಮೈಕ್ರೋಸಾಫ್ಟ್ ಈ ದೋಷಕ್ಕೆ ಪರಿಹಾರವನ್ನು ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ಬಿಡುಗಡೆ ಮಾಡಿತ್ತು. ನಾವು 'ನಾಳೆ ನೋಡೋಣ' ಎಂದು ಮುಂದೂಡುತ್ತೇವಲ್ಲ, ಆ ಅಪ್‌ಡೇಟ್ ಸೂಚನೆಯ ಹಿಂದೆ ಇರುವುದು ಎಷ್ಟೋ ಸಲ ಇಂಥದೇ ತೇಪೆ.