ಗ್ರಿಲ್ಲಿನೊಳಗೆ ಬಿಳಿ ಪ್ರಸಾದ

ಮುಂಬೈಯಲ್ಲಿ ತೋಟ ಅಂದರೆ ಕಿಟಕಿಯಾಚೆ ಚಾಚಿಕೊಂಡ ಕಬ್ಬಿಣದ ಬಾಕ್ಸ್ ಗ್ರಿಲ್. ಮುಲುಂಡಿನ ಮೂರನೇ ಮಾಳಿಗೆಯ ನಮ್ಮ ತೋಟದಲ್ಲಿ ನನ್ನ ತವರಿನ ಉಡುಪಿ ಮಲ್ಲಿಗೆ, ತುಳಸಿ, ಕರಿಬೇವು, ದೊಡ್ಡಪತ್ರೆ, ಜೊತೆಗೆ ಧಾರವಾಡದ ಅತ್ತೆಯವರ ಪುದೀನ ಇವೆ. ಇನ್ನೂ ಜಾಗ ಉಳಿದಿದೆ ಅನ್ನುವುದು ಪಾರಿವಾಳಗಳ ಅಭಿಪ್ರಾಯ. ಗುಬ್ಬಿ, ಬುಲ್‌ಬುಲ್, ಸೂರಕ್ಕಿಗಳೂ ಬರುತ್ತವೆ. ಪಾಪ, ಅವು ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಪಾರಿವಾಳ ಹಾಗಲ್ಲ, ಗುರುತು ಬಿಟ್ಟೇ ಹೋಗುತ್ತದೆ, ಅದೂ ಬಟ್ಟೆ ಒಣಹಾಕಿದ ದಿನವೇ.

ನಮ್ಮ ಮೇಲಿನ ಮನೆಯ ಹಿರಿಯರು ದಿನಾ ಬೆಳಗ್ಗೆ ಮುಷ್ಟಿಗಟ್ಟಲೆ ಜೋಳ ಎರಚುತ್ತಾರೆ. ಪುಣ್ಯ ನಾಲ್ಕನೇ ಮಾಳಿಗೆಗೆ, ಉಳಿದದ್ದೆಲ್ಲ ಮೂರನೇ ಮಾಳಿಗೆಗೆ. 2025ರ ಆಗಸ್ಟ್‌ನಲ್ಲಿ ಪಾಲಿಕೆಯವರು ಪಾರಿವಾಳಗಳಿಗೆ ಕಾಳು ಹಾಕುವ ದಾದರಿನ ಕಬೂತರ್‌ಖಾನಾಕ್ಕೆ ಟಾರ್ಪಾಲು ಹೊದಿಸಿ, ವಿಷಯ ಹೈಕೋರ್ಟಿನಲ್ಲಿ ಜಗ್ಗಾಡಿತಲ್ಲ, ಆ ದಿನಗಳಲ್ಲಿ ಈ ಹಿರಿಯರು ಎಷ್ಟು ನೊಂದರೆಂದರೆ ಮುಷ್ಟಿ ಹೋಗಿ ಬೊಗಸೆಯಾಯಿತು. ಕೇಳಲು ಹೋದ ನನ್ನ ಗಂಡ ಚಹಾ ಕುಡಿದು, ಥೇಪ್ಲಾ ಕಟ್ಟಿಸಿಕೊಂಡು ಬಂದರು. ಮಾತುಕತೆ ಅಲ್ಲಿಗೆ ಮುಗಿಯಿತು.

ಹಕ್ಕಿಗಳ ಕಾಟವನ್ನಾದರೂ ಸಹಿಸಬಹುದು, ಸಲಹೆಗಾರರದ್ದು ಕಷ್ಟ. ಒಂದು ಭಾನುವಾರ ಗಂಡ ಮೊಬೈಲಿನಲ್ಲಿ ಏನೋ ನೋಡಿ, ವಿನೆಗರ್ ಬಾಟಲಿ ಹಿಡಿದು ಕಿಟಕಿಗೆ ಬಂದರು. ಕಿಟಕಿಯ ಕಟ್ಟೆಗೆ ಬಿಳಿ ಮಾರ್ಬಲ್. ಒಣಗಿದ ಹಿಕ್ಕೆಯ ಮೇಲೆ ಧಾರಾಳವಾಗಿ ಸುರಿದರು. ಸಣ್ಣಗೆ ಗುಳ್ಳೆ ಎದ್ದವು. “ನೋಡು, ಹೆಂಗ ಕೆಲಸ ಮಾಡಾಕತ್ತೇತಿ!” ಎಂದು ನನ್ನನ್ನೂ ಅತ್ತೆಯನ್ನೂ ಕರೆದರು. ಕೆಲಸವೇನೋ ನಡೆದಿತ್ತು, ಆದರೆ ಕರಗುತ್ತಿದ್ದದ್ದು ಮಾರ್ಬಲ್. ಹಕ್ಕಿಗಳಿಗೆ ಮೂತ್ರ ಬೇರೆ, ಮಲ ಬೇರೆ ಅನ್ನುವ ವ್ಯವಸ್ಥೆ ಇಲ್ಲ. ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವುದು ಯೂರಿಕ್ ಆಮ್ಲ. ಅದು ನೀರಿಗೇ ಸರಿಯಾಗಿ ಕರಗದು, ಹುಳಿಗಂತೂ ಇನ್ನೂ ಜಗ್ಗದು. ಆಮ್ಲ ಆಮ್ಲ ಎದುರಾಗಿ ಬೀಗರ ಹಾಗೆ ಮರ್ಯಾದೆಯಿಂದ ಕೂತವು, ಏಟು ತಿಂದದ್ದು ನಡುವಿನ ಕಲ್ಲು. ಕಟ್ಟೆಯ ಹೊಳಪು ಹೋಯಿತು, ಹಿಕ್ಕೆ ಅಲ್ಲೇ ಇತ್ತು. ಹರಿದ ವಿನೆಗರ್ ದೊಡ್ಡಪತ್ರೆಯ ಮೇಲೆ ತೊಟ್ಟಿಕ್ಕಿ, ಮರುದಿನ ಎಲೆಗಳ ಮೇಲೆ ಸುಟ್ಟಂಥ ಕಂದು ಕಲೆ.

ಅತ್ತೆ ಸೋಡಾಪುಡಿ ತಂದರು. ಕ್ಷಾರವಾದ್ದರಿಂದ ಅದಕ್ಕೆ ಹಿಕ್ಕೆ ತುಸು ಮೆತ್ತಗಾಗುತ್ತದೆ, ಸುಳ್ಳಲ್ಲ. ಆದರೆ ಅದರ ಸೋಡಿಯಂ ಕುಂಡದ ಮಣ್ಣಿಗೆ ಇಳಿದರೆ ಬೇರಿಗೆ ಉಪ್ಪುನೀರು ಕುಡಿಸಿದ ಲೆಕ್ಕ. ಕೆಲಸದ ಬಾಯಿ ಬ್ಲೀಚಿಂಗ್ ಪೌಡರ್ ಎಂದಳು, ಪಕ್ಕದ ಮನೆಯವರು ಕುದಿಯುವ ನೀರು ಎಂದರು. ಗಿಡವೇ ಇಲ್ಲದ ಮನೆಗಳಿಗೆ ಇವೆಲ್ಲ ಉತ್ತಮ ಉಪಾಯಗಳು.

ಕೊನೆಗೆ ಕೈ ಹಿಡಿದದ್ದು ಹಳೆಯ ಕನ್ನಡ ಪೇಪರ್. ಒಣ ಹಿಕ್ಕೆಯನ್ನು ಎಂದೂ ಹಾಗೇ ಕೆರೆಯಬಾರದು, ಗುಡಿಸಲೂಬಾರದು. ಆ ಧೂಳಿನ ಜೊತೆ ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲ ಎದೆಗಿಳಿಯುತ್ತವೆ. ಮಾಸ್ಕ್, ಕೈಗವಸು ಹಾಕಿಕೊಂಡು, ಎತ್ತಬಹುದಾದ ಕುಂಡಗಳನ್ನು ಒಳಗಿಟ್ಟು, ಎತ್ತಲಾಗದ ಮಲ್ಲಿಗೆಯ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿ, ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೋಪು ಬೆರೆಸಿ, ಪೇಪರ್ ತೋಯಿಸಿ ಹಿಕ್ಕೆಯ ಮೇಲೆ ಹಾಸುತ್ತೇನೆ. ಒಂದು ಕಾಫಿ ಮುಗಿಯುವಷ್ಟರಲ್ಲಿ ನೆನೆದು, ಪೇಪರಿನ ಜೊತೆಗೇ ಎದ್ದು ಬರುತ್ತದೆ. ಅದನ್ನು ಹಾಗೇ ಮಡಚಿ ಚೀಲಕ್ಕೆ. ಮೊನ್ನೆ ಯಾವನೋ ಮಂತ್ರಿಯ ನಗುಮುಖ ಬಂತು. ನಾನೇನೂ ಆರಿಸಿ ಹಾಸಿದ್ದಲ್ಲ.

ಎಲೆಗಳಿಗೆ ಸೋಪೂ ಬೇಡ. ಅಂಗೈಯನ್ನು ಎಲೆಯ ಕೆಳಗೆ ಆನಿಸಿ, ಹಳೆ ಬನಿಯನ್ ಬಟ್ಟೆಯನ್ನು ಬರೀ ನೀರಲ್ಲಿ ಅದ್ದಿ, ಕಲೆ ನೆನೆದ ಮೇಲೆ ತೊಟ್ಟಿನಿಂದ ತುದಿಯ ಕಡೆಗೆ ಒರೆಸಬೇಕು. ಉಜ್ಜಿದರೆ ಮಲ್ಲಿಗೆಯ ಚಿಗುರು ಕೈಗೇ ಬರುತ್ತದೆ. ಇದು ಬೆಳಗಿನ ಕೆಲಸ. ಸಂಜೆ ನೆನೆದ ಎಲೆ ಈ ಊರಿನ ಸೆಕೆಯಲ್ಲಿ ರಾತ್ರಿಯಿಡೀ ಆರದೆ ಬೂಷ್ಟು ಹಿಡಿಸಿಕೊಳ್ಳುತ್ತದೆ. ಪುದೀನ, ತುಳಸಿಯ ಎಲೆಗೆ ಬಿದ್ದರೆ ತೊಳೆಯುವ ಗೋಜೇ ಇಲ್ಲ, ಕಿತ್ತು ಎಸೆಯುವುದು.

ಬೆಳಗ್ಗೆಯೇ ಆಗಬೇಕು ಅನ್ನುವಲ್ಲಿ ಎರಡನೇ ಮಾಳಿಗೆಯ ಕಾಕೂ ಬರುತ್ತಾರೆ. ಅವರ ಉದ್ದಿನ ಹಪ್ಪಳ ಒಣಗುವುದೂ ಬೆಳಗ್ಗೆಯೇ, ನಮ್ಮ ಗ್ರಿಲ್ಲಿನ ನೇರ ಕೆಳಗೆ. ಮರಾಠಿಯಲ್ಲಿ ಅವರು ನಮ್ಮ ವಂಶವನ್ನು ವಿಚಾರಿಸಿಕೊಂಡ ಮೇಲೆ ಒಂದು ಒಪ್ಪಂದವಾಯಿತು: ಹಪ್ಪಳ ಇದ್ದ ದಿನ ಅವರು ಕೆಳಗಿನಿಂದ ಲಟ್ಟಣಿಗೆಯಿಂದ ಗ್ರಿಲ್ ಬಡಿಯುವುದು, ನಾನು ಬಕೆಟ್ ಕೆಳಗಿಟ್ಟು ಸುಮ್ಮನಾಗುವುದು. ಬೇಸಿಗೆಯಿಡೀ ಲಟ್ಟಣಿಗೆ ಸದ್ದು ಮಾಡಿತು. ಅಷ್ಟು ಹಪ್ಪಳ ಯಾರು ತಿನ್ನುತ್ತಾರೋ!

“ಹಿಕ್ಕಿ ಗೊಬ್ಬರ ಅಲ್ಲೇನವಾ? ಕುಂಡದಾಗ ಹಾಕು” ಅನ್ನುವುದು ಅತ್ತೆಯ ವಾದ. ಹಸಿ ಹಿಕ್ಕೆಯ ಸಾರಜನಕ ಖಾರ, ಬೇರು ಸುಟ್ಟುಹೋದೀತು, ಚೆನ್ನಾಗಿ ಕೊಳೆತರಷ್ಟೇ ಗೊಬ್ಬರ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಈಗ ಪಾರಿವಾಳ ಬಾರದಂತೆ ಗ್ರಿಲ್ಲಿಗೆ ಬಲೆ ಕಟ್ಟುವವನನ್ನು ಕರೆಸಿದ್ದೇವೆ. ಅಳತೆ ತೆಗೆಯುತ್ತ ಅವನೇ ಮಲ್ಲಿಗೆ ಕುಂಡದಲ್ಲಿ ಗೇಣುದ್ದದ ಹಸಿರು ಗರಿಗಳನ್ನು ತೋರಿಸಿದ. ಮೇಲಿನವರು ಎರಚಿದ ಜೋಳ, ಹಕ್ಕಿಗಳು ಮರೆತು ಬಿಟ್ಟದ್ದು, ಮೊಳೆತು ನಿಂತಿದೆ. ಕೀಳಹೋದ ನನ್ನ ಕೈಯನ್ನು ಅತ್ತೆ ಹಿಡಿದರು. “ಮನಿ ಬಾಗಲಿಗೆ ಬಂದ ಜ್ವಾಳಾನ ಯಾರರ ಕಿತ್ತೊಗೀತಾರೇನು?” ಮಲ್ಲಿಗೆಗಿಂತ ಮೊದಲು ಅದಕ್ಕೇ ನೀರು ಬೀಳುತ್ತಿದೆ. ಬಲೆಯ ಮಾತು ತೆನೆ ಬಂದ ಮೇಲೆ ನೋಡೋಣ ಅಂದಿದ್ದಾರೆ.