ಗೂಟ ಹಿಡಿಯುವ ನೆಲ

ಗದಗಿನಿಂದ ಬಾದಾಮಿಗೆ ನೇರ ಹೋದರೆ ಎರಡು ತಾಸಿನ ದಾರಿ. ಅದಕ್ಕೆ ಐದು ದಿನ ಹಿಡಿಸಬೇಕೆಂದಿದ್ದರೆ ಕಾರಿನಲ್ಲಿ ಒಂದು ಟೆಂಟು ಹಾಕಿಕೊಳ್ಳಬೇಕು. ಲಾಡ್ಜು ಗೊತ್ತುಮಾಡಿಕೊಂಡವರು ರಾತ್ರಿ ಹತ್ತಕ್ಕೆ ಊರು ಮುಟ್ಟಿದರೂ ನಡೆದೀತು. ಟೆಂಟಿನವರು ಸಂಜೆ ನಾಲ್ಕಕ್ಕೇ ಗಾಡಿ ನಿಲ್ಲಿಸಬೇಕು: ಜಾಗ ಕೇಳಬೇಕು, ನೆಲ ನೋಡಬೇಕು, ನೀರು ತುಂಬಿಕೊಳ್ಳಬೇಕು, ಕತ್ತಲಾಗುವುದರೊಳಗೆ ಗೂಟ ಹೊಡೆದಿರಬೇಕು. ಹಾಗಾಗಿ ದಿನಕ್ಕೆ 40 ಕಿ.ಮೀ. ದಾಟುವುದೇ ಹೆಚ್ಚು. ಲಕ್ಕುಂಡಿ, ಇಟಗಿ, ಕುಕನೂರು, ಸೂಡಿ ಒಂದರ ಬೆನ್ನಿಗೆ ಒಂದು ಇರುವ ಈ ಸೀಮೆಯಲ್ಲಿ ಅಷ್ಟು ದಾಟುವುದೂ ಅವಸರವೇ.

ಲಕ್ಕುಂಡಿಯನ್ನು ಬಹಳ ಜನ ನೋಡುವುದು ನಡು ಮಧ್ಯಾಹ್ನ. ಆ ಊರಿಗೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಇಲ್ಲಿಯದು ಬಳಪದ ಕಲ್ಲು. ಮೆತ್ತಗಿರುವುದರಿಂದ ಉಳಿ ಆಳಕ್ಕೆ ಇಳಿದಿದೆ. ನೆತ್ತಿಯ ಬಿಸಿಲಿಗೆ ಆ ಆಳವೆಲ್ಲ ಸೂರಿನ ನೆರಳಲ್ಲಿ ಕಪ್ಪಾಗಿಬಿಡುತ್ತದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಬಳ್ಳಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೂ ಇದೇ ಮಾತು. ರಾತ್ರಿ ಅಲ್ಲೇ ಎಲ್ಲಾದರೂ ಮಲಗಿದವರಿಗೆ ಈ ಬೆಳಕು ಪುಕ್ಕಟೆ.

ಎಲ್ಲಿ ಮಲಗುವುದು? ಸ್ಮಾರಕದ ಆವರಣದಲ್ಲಿ ಟೆಂಟು, ಒಲೆ ಎರಡೂ ಸಲ್ಲವು. ಕೊಯ್ಲಾದ ಹೊಲವೇ ಒಳ್ಳೆಯದು, ಮಾಲೀಕರನ್ನು ಕೇಳಿದ ಮೇಲೆ. ಕೇಳಿದರೆ ಬೇಡವೆನ್ನುವವರು ಕಡಿಮೆ. ‘ಹೊಲದಾಗ್ಯಾಕ ಮಲಗ್ತೀರಿ, ಊರಾಗ ಗುಡಿ ಐತೆಲ್ರಿ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹೊಂದಿಸಿಕೊಂಡಿರಬೇಕು. ಕಣದಲ್ಲಿ ಹಾಕಬೇಡಿ, ಅಲ್ಲಿ ಚಪ್ಪಲಿ ಮೆಟ್ಟಿ ಓಡಾಡಲೂ ಬೇಡಿ.

ಗದಗ ಸೀಮೆಯ ಎರೆ ನೆಲ ಮೋಸಗಾರ. ಒಣಗಿದಾಗ ಬಿರುಕು ಬಿಡುತ್ತದೆ. ಬಿರುಕಿನ ಹತ್ತಿರ ಹೊಡೆದ ಗೂಟ ಸಲೀಸಾಗಿ ಇಳಿಯುತ್ತದೆ, ಕಪ್ಪತಗುಡ್ಡದ ಕಡೆಯ ಗಾಳಿಗೆ ಅಷ್ಟೇ ಸಲೀಸಾಗಿ ಎದ್ದುಬರುತ್ತದೆ. ಟೆಂಟಿನ ಜೊತೆ ಬರುವ ಗೇಣುದ್ದದ ತಂತಿ ಗೂಟಗಳು ಇಲ್ಲಿ ಆಟಿಕೆ. ಒಂದಡಿಯ ಕಬ್ಬಿಣದ ಗೂಟ ಬೇಕು. ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆದರೆ ಹಗ್ಗ ಜಗ್ಗಿದರೂ ಕೀಳುವುದಿಲ್ಲ. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಕೆಳಗೆ ಹಾಸುವ ತಾಡಪತ್ರಿ ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಅಂಚು ಹೊರಗೆ ಚಾಚಿದರೆ ಮಳೆನೀರೆಲ್ಲ ಅದರ ಮೇಲೆ ಬಿದ್ದು ನೇರ ಬೆನ್ನಡಿಗೆ ಹರಿಯುತ್ತದೆ. ಕಾರನ್ನಂತೂ ಹೊಲಕ್ಕೆ ಇಳಿಸಬಾರದು. ಒಂದೇ ಮಳೆಗೆ ಎರೆ ಮಣ್ಣು ಗಾಲಿಗೆ ಸುತ್ತಿಕೊಂಡು, ಟ್ರ್ಯಾಕ್ಟರ್ ಬರುವವರೆಗೆ ನಿಮ್ಮನ್ನು ಅಲ್ಲೇ ಕೂರಿಸುತ್ತದೆ. ಗರಸು ಹಾಕಿದ ಅಂಚಿನಲ್ಲೇ ನಿಲ್ಲಿಸಿ.

ಇಟಗಿಯ ಮಹಾದೇವ ದೇವಾಲಯ 1112ರದು. ದೇವಾಲಯ ಚಕ್ರವರ್ತಿ ಎಂದು ಶಾಸನವೇ ಹೊಗಳಿದೆ, ಹೊಗಳಿಕೆ ಹೆಚ್ಚೆನಿಸುವುದಿಲ್ಲ. ಅಲ್ಲಿಂದ ಬಡಗಲಿಗೆ ಸಾಗುವಾಗ ಸುಗ್ಗಿಯ ದಿನಗಳಲ್ಲಿ ರಸ್ತೆಯೇ ಕಣವಾಗಿರುತ್ತದೆ. ಹರಡಿದ ಹುರುಳಿಯ ಮೇಲೆ ಕಾರು ಓಡಿಸಿದರೆ ಒಕ್ಕುವವರಿಗೆ ಉಪಕಾರ, ಕಾರಿಗೆ ಅಪಾಯ. ಒಣಗಿದ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರ್ ತಗುಲಿ ಹೊತ್ತಿಕೊಳ್ಳುವುದುಂಟು. ಬದಿಯಿಂದ ದಾಟಿ, ಆಗದಿದ್ದರೆ ದಾಟಿದ ಮೇಲೆ ಇಳಿದು ಬಗ್ಗಿ ನೋಡಿ. ಬದಿಗೆ ಸರಿದಲ್ಲಿ ಜಾಲಿ ಮುಳ್ಳು ಕಾದಿರುತ್ತದೆ ಎಂಬುದೂ ನಿಜ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಹೊಕ್ಕರೆ ಕೀಳಬೇಡಿ. ಒಳಗಿದ್ದಷ್ಟು ಹೊತ್ತು ಅದೇ ಬಿರಡೆ. ಗಾಳಿ ನೋಡಿಕೊಳ್ಳುತ್ತ ನಿಧಾನವಾಗಿ ಮುಂದಿನ ಊರಿನ ಪಂಕ್ಚರ್ ಅಂಗಡಿ ಸೇರಿ.

ಊಟದ ಚಿಂತೆ ಈ ಸೀಮೆಯಲ್ಲಿ ಮಾಡಬಾರದು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆಗಿದ್ದರೆ ಒಲೆ ಚಹಾಕ್ಕೆ ಮಾತ್ರ. ಕ್ಯಾಂಪಿಂಗ್‌ಗೆಂದು ಪ್ಯಾಕೆಟ್ಟಿನಲ್ಲಿ ಮಾರುವ ಯಾವ ತಿನಿಸೂ ಇದರ ಸಮಕ್ಕೆ ಬಾರದು. ನೀರು ಮಾತ್ರ ಧಾರಾಳವಾಗಿರಲಿ, ತಲೆಗೆ ದಿನಕ್ಕೆ 5 ಲೀಟರಾದರೂ.

ಬಾದಾಮಿ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ, ಗುಡಿಗಳೂ ಕೆಂಪಾಗುತ್ತವೆ. ಮರಳುಗಲ್ಲಿನ ನಾಡು ಇದು. ಮೂರನೆಯ ಗುಹೆಯ ಶಾಸನ 578ರದು. ಲಕ್ಕುಂಡಿಯಿಂದ ಮುಂದೆ ಬಂದಿದ್ದೇವೆ ಅಂದುಕೊಂಡರೆ ನಾಲ್ಕು ಶತಮಾನಕ್ಕೂ ಹಿಂದೆ ಹೋಗಿರುತ್ತೇವೆ. ಆ ಒಂದಡಿ ಗೂಟಗಳಿಗೆ ಇಲ್ಲಿ ಕೆಲಸವಿಲ್ಲ: ಎರಡಿಂಚು ಮಣ್ಣಿನ ಕೆಳಗೆ ಬಂಡೆ, ಹೊಡೆದರೆ ಗೂಟವೇ ಬಾಗುತ್ತದೆ. ಹಗ್ಗದ ತುದಿಯನ್ನು ಮೊಳದುದ್ದದ ಕೋಲಿಗೆ ಕಟ್ಟಿ, ಕೋಲನ್ನು ನೆಲಕ್ಕೆ ಅಡ್ಡಲಾಗಿಟ್ಟು ಮೇಲೆ ಕಲ್ಲು ಹೇರಬೇಕು. ಐಹೊಳೆಯಲ್ಲಿ ಮಾತ್ರ ಬಿದ್ದ ಕಲ್ಲನ್ನು ಮುಟ್ಟುವುದೇ ಬೇಡ. ತಿರುವಿದರೆ ಅಡಿಯಲ್ಲಿ ಯಾವ ಯಕ್ಷನ ಮೊಣಕಾಲು ಇದ್ದೀತೋ. ಅಲ್ಲಿ ನೀರು ತುಂಬಿದ ಕ್ಯಾನುಗಳೇ ಗೂಟ. ಪಟ್ಟದಕಲ್ಲಿನ ಬಳಿ ಮಲಪ್ರಭೆಯ ಮರಳ ದಂಡೆ ಮಲಗಲು ಕರೆಯುತ್ತದೆ, ಹೋಗಬೇಡಿ. ಮೇಲೆ ನವಿಲುತೀರ್ಥದ ಅಣೆಕಟ್ಟೆಯಿದೆ.

ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರಿಂದ ರೊಟ್ಟಿ, ಪಲ್ಯ, ಗಡಿಗೆ ಮೊಸರು ಕೊಂಡು ಅಲ್ಲೇ ಮುಗಿಸಿಬಿಡಿ, ಕಟ್ಟಿಸಿಕೊಂಡು ಬರಬೇಡಿ. ಬಾದಾಮಿಯ ಮಂಗಗಳಿಗೆ ಜಿಪ್ಪು ಎಳೆಯುವ ತಾಳ್ಮೆಯಿಲ್ಲ. ವಾಸನೆ ಹತ್ತಿದರೆ ಟೆಂಟಿನ ಗೋಡೆಯನ್ನೇ ಸೀಳುತ್ತವೆ. ತಿನ್ನುವುದೆಲ್ಲ ಕಾರಿನ ಡಿಕ್ಕಿಯಲ್ಲಿರಲಿ, ಕಿಟಕಿ ಪೂರ್ತಿ ಏರಿಸಿರಲಿ.