ಚೆಂಡು ಹಿಡಿಯುವ ಮುನ್ನ ಅಂಕಪಟ್ಟಿ ತೋರಿಸಬೇಕೆ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್: ಪರ-ವಿರೋಧ

ಸ್ಪೋರ್ಟ್ಸ್ ಕೋಟಾ ನೋಡಿ ಬೆಳೆದ ನಮಗೆ ಅಮೆರಿಕದ ಈ ಪದ್ಧತಿ ತಿರುಗುಮುರುಗಾಗಿ ಕಾಣುತ್ತದೆ. ನಮ್ಮಲ್ಲಿ ಆಟ ಸೀಟು ಕೊಡಿಸುತ್ತದೆ. ಅಲ್ಲಿ ಕಾಲೇಜು ಸೀಟು ಕೊಟ್ಟು, ಕೋಚ್ ಸ್ಕಾಲರ್‌ಶಿಪ್ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೂ ಹುಡುಗ ಅಂಗಳಕ್ಕೆ ಇಳಿಯುವಂತಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಅವನ ಹೈಸ್ಕೂಲ್ ಅಂಕಪಟ್ಟಿ ತರಿಸಿ ನೋಡಿ, ಆಗಬಹುದು ಎನ್ನಬೇಕು.

ಅತ್ಯುನ್ನತ ಹಂತವಾದ ‘ಡಿವಿಷನ್ 1’ರಲ್ಲಿ ಈಗಿರುವ ಲೆಕ್ಕ ಹೀಗಿದೆ. ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ 16 ಕೋರ್ ಕೋರ್ಸುಗಳು, ಅಂದರೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು, ಮುಗಿದಿರಬೇಕು, ಅದರಲ್ಲಿ ನಾಲ್ಕು ಇಂಗ್ಲಿಷ್, ಮೂರು ಗಣಿತ. ಅವುಗಳ ಸರಾಸರಿ ಜಿಪಿಎ 2.3 ಇರಬೇಕು. ಎ ಗ್ರೇಡಿಗೆ 4, ಬಿಗೆ 3, ಸಿಗೆ 2 ಎಂದು ಹಿಡಿದರೆ ಇದು ಸಿಗಿಂತ ಸ್ವಲ್ಪವೇ ಮೇಲೆ. ಪಿಟಿ ಪೀರಿಯಡ್ಡು, ಡ್ರೈವಿಂಗ್ ಕ್ಲಾಸು ಲೆಕ್ಕಕ್ಕಿಲ್ಲ. 2.3 ದಾಟದೆ 2.0 ಮುಟ್ಟಿದವನಿಗೆ ಸ್ಕಾಲರ್‌ಶಿಪ್ ಉಂಟು, ಆದರೆ ಮೊದಲ ವರ್ಷ ಪಂದ್ಯ ಇಲ್ಲ.

ಈ ಗೆರೆ ಬೇಕೆ, ಬೇಡವೆ? ಎರಡು ಕಡೆಯನ್ನೂ ನಾನೇ ಬರೆದಿದ್ದೇನೆ. ನನ್ನ ಒಲವು ಎತ್ತ ಎಂದು ಮುಚ್ಚಿಟ್ಟರೂ ಉಪಯೋಗವಿಲ್ಲ, ಉದ್ದ ನೋಡಿದರೇ ಗೊತ್ತಾಗುತ್ತದೆ.

ಪರ: ಬಾಗಿಲಲ್ಲಿ ಯಾರಾದರೂ ಕೇಳಲೇಬೇಕು

ಕೆವಿನ್ ರಾಸ್ 1978ರಲ್ಲಿ ಕಾನ್ಸಾಸ್ ಸಿಟಿಯಿಂದ ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಆಡಲು ಹೋದರು. ಕಾಲೇಜು ಪ್ರವೇಶದ ಎಸಿಟಿ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು 36ಕ್ಕೆ 9. ಆ ವರ್ಷ ಅಲ್ಲಿ ಸೇರಿದ ಹೊಸ ವಿದ್ಯಾರ್ಥಿಗಳ ಸರಾಸರಿ 23ರ ಮೇಲಿತ್ತು. ಆಮೇಲೆ ನಡೆದದ್ದು ಅವರು ಕೋರ್ಟಿಗೆ ಸಲ್ಲಿಸಿದ ದೂರಿನಲ್ಲಿದೆ. ಗುರಿಯಿಟ್ಟು ಗುಂಡು ಹೊಡೆಯುವುದು, ಬ್ಯಾಸ್ಕೆಟ್‌ಬಾಲ್ ಸಿದ್ಧಾಂತ, ಇಂಥವೇ ವಿಷಯಗಳನ್ನು ಅವರಿಗೆ ಕೊಡಿಸಿದರು. ನಾಲ್ಕು ವರ್ಷ ಮುಗಿದಾಗ ಪದವಿಗೆ ಬೇಕಾದ 128 ಕ್ರೆಡಿಟ್‌ಗಳಲ್ಲಿ ಕೈಯಲ್ಲಿದ್ದದ್ದು 96, ಸರಾಸರಿ ಡಿ ಗ್ರೇಡು. ಓದುವ ಶಕ್ತಿ ಏಳನೇ ತರಗತಿಯದು, ಒಟ್ಟು ಭಾಷೆಯ ಹಿಡಿತ ನಾಲ್ಕನೇ ತರಗತಿಯದು. ಆಟದ ವರ್ಷಗಳು ಮುಗಿದ ಮೇಲೆ ಅವರು ಷಿಕಾಗೋದ ವೆಸ್ಟ್‌ಸೈಡ್ ಪ್ರೆಪ್ ಶಾಲೆ ಸೇರಿ, ಪುಟ್ಟ ಮಕ್ಕಳ ಪಕ್ಕದ ಡೆಸ್ಕಿನಲ್ಲಿ ಕೂತು ಮತ್ತೆ ಕಲಿತರು.

1992ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದನ್ನು ನಿಯಮದ ವಿರೋಧಿಗಳು ಗಮನಿಸಬೇಕು. ಕಳಪೆಯಾಗಿ ಕಲಿಸಿದರು ಎಂಬ ಕಾರಣಕ್ಕೆ ಕಾಲೇಜಿನ ಮೇಲೆ ದಾವೆ ಹೂಡಲು ಬರುವುದಿಲ್ಲ. ಟ್ಯೂಟರ್ ಕೊಡುತ್ತೇವೆ ಎಂಬಂಥ ನಿರ್ದಿಷ್ಟ ಮಾತು ಕೊಟ್ಟು ತಪ್ಪಿದ್ದರೆ ಅಷ್ಟು ಮಟ್ಟಿಗೆ ಕೇಳಬಹುದು. ಒಳಗೆ ಬಿಟ್ಟುಕೊಂಡ ಮೇಲೆ ಹುಡುಗನಿಗೆ ಕಾನೂನಿನ ಆಸರೆ ಇಷ್ಟೇ ಎಂದಾದರೆ, ತಡೆಯುವ ಜಾಗ ಬಾಗಿಲೇ.

ರಾಸ್ ಸೇರಿದ ಕಾಲದಲ್ಲಿ ಬಾಗಿಲು ಇದ್ದೂ ಇರಲಿಲ್ಲ. 1973ರಿಂದ ಇದ್ದ ನಿಯಮದ ಪ್ರಕಾರ ಹೈಸ್ಕೂಲಿನಲ್ಲಿ ಒಟ್ಟು 2.0 ಬಂದರೆ ಆಯಿತು, ಯಾವ ವಿಷಯದಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಉತ್ತರವಾಗಿ 1983ರಲ್ಲಿ ಪ್ರೊಪೊಸಿಷನ್ 48 ಎಂಬ ನಿಯಮ ಅಂಗೀಕಾರವಾಗಿ 1986ರಲ್ಲಿ ಜಾರಿಗೆ ಬಂತು: 11 ಕೋರ್ ಕೋರ್ಸುಗಳಲ್ಲಿ 2.0, ಜೊತೆಗೆ ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿಯಲ್ಲಿ 700 ಅಥವಾ ಎಸಿಟಿಯಲ್ಲಿ 15. ಎಸ್‌ಎಟಿ ಆಗ 1600 ಅಂಕದ್ದು, ದೇಶದ ಸರಾಸರಿ 900ರ ಆಸುಪಾಸು. ಕೇಳಿದ್ದು ದೊಡ್ಡದೇನಲ್ಲ.

ಮೊದಲ ವರ್ಷವೇ ಮಿಷಿಗನ್ ವಿಶ್ವವಿದ್ಯಾಲಯದ ರುಮೀಲ್ ರಾಬಿನ್ಸನ್, ಟೆರಿ ಮಿಲ್ಸ್ ಇಬ್ಬರೂ ಸಿಕ್ಕಿಬಿದ್ದರು. ಪಂದ್ಯ ಹೋಗಲಿ, ತಂಡದ ಅಭ್ಯಾಸಕ್ಕೂ ಇಳಿಯುವಂತಿರಲಿಲ್ಲ. ಒಂದು ವರ್ಷ ಓದಿ ಬಂದರು. 1989ರಲ್ಲಿ ಸಿಯಾಟಲ್‌ನಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಸೀಟನ್ ಹಾಲ್ ವಿರುದ್ಧ ಹೆಚ್ಚುವರಿ ಅವಧಿ ಮುಗಿಯಲು ಮೂರು ಸೆಕೆಂಡ್ ಇದ್ದಾಗ ಮಿಷಿಗನ್ ಒಂದು ಅಂಕ ಹಿಂದೆ. ಎರಡು ಫ್ರೀ ಥ್ರೋ. ಎರಡನ್ನೂ ಬುಟ್ಟಿಗೆ ಹಾಕಿದ್ದು ರಾಬಿನ್ಸನ್. 80-79. ಓದಲು ಕೂರಿಸಿದರೆ ಆಟಗಾರ ಹಾಳಾಗುತ್ತಾನೆ ಎಂದವರು ಆ ರಾತ್ರಿ ಏನೆಂದುಕೊಂಡರೋ!

ಇದು ಬಿಳಿಯರು ಕಪ್ಪು ಹುಡುಗರ ಮೇಲೆ ಹೇರಿದ ನಿಯಮ ಎಂಬ ಮಾತು ಅರ್ಧ ಸತ್ಯ. ಟೆನಿಸ್ ದಿಗ್ಗಜ ಆರ್ಥರ್ ಆ್ಯಶ್, ಸಮಾಜಶಾಸ್ತ್ರಜ್ಞ ಹ್ಯಾರಿ ಎಡ್ವರ್ಡ್ಸ್ ಇಬ್ಬರೂ ಕಪ್ಪು ಜನಾಂಗದವರು, ಇಬ್ಬರೂ ಕಠಿಣ ಮಾನದಂಡದ ಪರ ನಿಂತವರು. ನಮ್ಮ ಮಕ್ಕಳಿಂದ ಇಷ್ಟೂ ಆಗದು ಎಂದು ಮೊದಲೇ ತೀರ್ಮಾನಿಸುವುದು ಕರುಣೆ ಅಲ್ಲ, ಅವಮಾನ ಎಂಬುದು ಅವರ ನಿಲುವಿನ ತಿರುಳು.

ನಿಯಮದ ನಿಜವಾದ ಕೆಲಸ ನಡೆಯುವುದು ಕಾಲೇಜಿನಲ್ಲಿ ಅಲ್ಲ, ಒಂಬತ್ತನೇ ತರಗತಿಯಲ್ಲಿ. ಬೇಸಿಗೆಯಿಡೀ ಶೂ ಕಂಪನಿಗಳ ಟೂರ್ನಿ, ವಾರಾಂತ್ಯ ಪ್ರಯಾಣ, ಆರಡಿ ಎಂಟಿಂಚಿನ ಹುಡುಗನ ಸುತ್ತ ಹಿತೈಷಿಗಳ ದಂಡು. ಈ ಗಲಾಟೆಯ ನಡುವೆ ‘ಆಲ್‌ಜೀಬ್ರಾ ಮುಗಿಸಿದ್ದೀಯೇನೋ?’ ಎಂದು ಕೋಚ್ ಬಾಯಿಂದ ಕೇಳಿಸುವುದು ಆ ಸಂಖ್ಯೆ ಒಂದೇ. 16 ಕೋರ್ಸುಗಳಲ್ಲಿ 10 ಕೊನೆಯ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು ಎಂಬ ಷರತ್ತು ಹಾಕಿದ್ದೂ ಇದಕ್ಕೇ. ಅದಕ್ಕೆ ಮುಂಚೆ ಏನಾಗುತ್ತಿತ್ತು? ಕೊನೇ ಗಳಿಗೆಯಲ್ಲಿ ಯಾವುದೋ ಮಳಿಗೆಯಂಥ ‘ಶಾಲೆ’ಗೆ ಹೋಗಿ ಒಂದೆರಡು ತಿಂಗಳಲ್ಲಿ ಗ್ರೇಡುಗಳನ್ನು ಹೊಳಪು ಮಾಡಿಸಿಕೊಂಡು ಬರುವುದು. ಪತ್ರಿಕೆಗಳು ಇಂಥವನ್ನು ಬಯಲಿಗೆಳೆದ ಮೇಲೆ 2006ರಲ್ಲಿ ಎನ್‌ಸಿಎಎ ಕೆಲವು ಶಾಲೆಗಳ ಅಂಕಪಟ್ಟಿಯನ್ನೇ ಒಪ್ಪುವುದಿಲ್ಲ ಎಂದು ಪಟ್ಟಿ ಮಾಡಿತು. ಗೆರೆ ಅಳಿಸಿದರೆ ಆ ಅಂಗಡಿಗಳೂ ಬೇಕಾಗುವುದಿಲ್ಲ ನಿಜ. ಓದೂ ಬೇಕಾಗುವುದಿಲ್ಲ.

ವಿರೋಧ: ದಂಡ ಕಟ್ಟುವವನು ಹುಡುಗ ಒಬ್ಬನೇ

ರಾಸ್ ಕಥೆ ಕೇಳಿದವರಿಗೆ ಮೊದಲು ಸಿಟ್ಟು ಬರಬೇಕಾದದ್ದು ಯಾರ ಮೇಲೆ? ಓದಲು ಬಾರದವನನ್ನು ತರಗತಿಯಿಂದ ತರಗತಿಗೆ ದಾಟಿಸಿದ ಶಾಲೆಯ ಮೇಲೆ, ನಾಲ್ಕು ವರ್ಷ ಆಡಿಸಿಕೊಂಡು ಕಳಿಸಿದ ಕಾಲೇಜಿನ ಮೇಲೆ. ಆದರೆ ಅದರಿಂದ ಹುಟ್ಟಿದ ನಿಯಮ ಹಿಡಿದದ್ದು ಮುಂದಿನ ವರ್ಷದ ರಾಸ್‌ನನ್ನು. ಕ್ರೈಟನ್ನಿನಂಥ ಕಾಲೇಜಿಗೆ ಪ್ರೊಪೊಸಿಷನ್ 48 ಯಾವ ಶಿಕ್ಷೆಯನ್ನೂ ಇಟ್ಟಿರಲಿಲ್ಲ. ಹುಡುಗನಿಗೆ ಮಾತ್ರ ನಾಲ್ಕು ವರ್ಷದ ಆಟದಲ್ಲಿ ಒಂದು ವರ್ಷ ಖೋತಾ.

ಆ 700 ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಎಸ್‌ಎಟಿ ಪರೀಕ್ಷೆ ನಡೆಸುತ್ತಿದ್ದ ಇಟಿಎಸ್ ಸಂಸ್ಥೆಯೇ ಅಂಕವೊಂದನ್ನು ಹೀಗೆ ಗೆರೆಯಾಗಿ ಬಳಸುವುದು ಸರಿಯಲ್ಲ ಎಂದಿತ್ತು. ಕೇಳಿಸಿಕೊಳ್ಳಲಿಲ್ಲ. 1989ರ ಜನವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರೊಪೊಸಿಷನ್ 42 ತಂದರು: ಗೆರೆ ಮುಟ್ಟದವನಿಗೆ ಮೊದಲ ವರ್ಷ ಸ್ಕಾಲರ್‌ಶಿಪ್ ಕೂಡ ಇಲ್ಲ. ಅಂದರೆ ಮನೆಯಲ್ಲಿ ಕಾಸಿರುವವನು ಫೀಸು ಕಟ್ಟಿ ಓದಿ ಅರ್ಹನಾಗಬಹುದು, ಇಲ್ಲದವನು ಮನೆಯಲ್ಲೇ ಇರಬೇಕು. ಹೀಗೆ ಉಳಿಯುತ್ತಿದ್ದವರಲ್ಲಿ ಬಹುಪಾಲು ಕಪ್ಪು ಹುಡುಗರು. ಜಾರ್ಜ್‌ಟೌನ್ ಕೋಚ್ ಜಾನ್ ಥಾಂಪ್ಸನ್, ಆರಡಿ ಹತ್ತಿಂಚಿನ ಭಾರಿ ಆಳು, ಹೆಗಲ ಮೇಲೆ ಸದಾ ಬಿಳಿ ಟವೆಲ್. ಜನವರಿ 14ರಂದು ಬಾಸ್ಟನ್ ಕಾಲೇಜ್ ವಿರುದ್ಧದ ಪಂದ್ಯ ಇನ್ನೇನು ಶುರುವಾಗಬೇಕು, ಇದನ್ನು ಪ್ರತಿಭಟಿಸಿ ಅವರು ಎದ್ದು ಅಂಗಳ ಬಿಟ್ಟು ನಡೆದರು. ಟೆಂಪಲ್ ತಂಡದ ಕೋಚ್ ಜಾನ್ ಚೇನಿಯೂ ದನಿಗೂಡಿಸಿದರು. ಮರುವರ್ಷ ಎನ್‌ಸಿಎಎ ಹಿಂದೆ ಸರಿದು, ಬಡತನದ ಆಧಾರದಲ್ಲಿ ಕಾಲೇಜಿನ ನೆರವು ಪಡೆಯಬಹುದು ಎಂದು ತಿದ್ದಿತು. ಕೋಚ್ ಒಬ್ಬ ಎದ್ದು ಹೋಗದೇ ಇದ್ದಿದ್ದರೆ ಎಷ್ಟು ವರ್ಷ ಹಾಗೇ ಇರುತ್ತಿತ್ತೋ.

1996ರ ಪ್ರೊಪೊಸಿಷನ್ 16 ಕಥೆಯೂ ಇದೇ ಜಾಡಿನದು. ಕೋರ್ಸುಗಳು 13 ಆದವು, ಜಿಪಿಎ ಕಡಿಮೆ ಇದ್ದರೆ ಟೆಸ್ಟ್ ಅಂಕ ಹೆಚ್ಚು ಬೇಕು ಎಂಬ ಜಾರುವ ಅಳತೆ ಬಂತು. ಆದರೆ ಜಿಪಿಎ ಎಷ್ಟೇ ಚೆನ್ನಾಗಿದ್ದರೂ ಎಸ್‌ಎಟಿಯಲ್ಲಿ 820ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಫಿಲಡೆಲ್ಫಿಯಾದ ಸೈಮನ್ ಗ್ರಾಟ್ಜ್ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಪ್ರಿಯರಿಗೆ ರಶೀದ್ ವಾಲೇಸ್ ಓದಿದ ಶಾಲೆಯಾಗಿ ಗೊತ್ತು. ಅಲ್ಲಿನ ಇಬ್ಬರು ಓಟಗಾರರು, ತಮ್ಮ ತರಗತಿಯಲ್ಲಿ ಮುಂದಿನ ಸಾಲಿನವರು, ಟೆಸ್ಟ್ ಅಂಕ ಒಂದರಿಂದಲೇ ಹೊರಗುಳಿದರು. ಅವರು ಹೂಡಿದ ಕ್ಯೂರ್‌ಟನ್ ಮೊಕದ್ದಮೆಯಲ್ಲಿ 1999ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಈ ಕಟ್-ಆಫ್ ಕಪ್ಪು ವಿದ್ಯಾರ್ಥಿಗಳಿಗೆ ತಾರತಮ್ಯ ಮಾಡುತ್ತದೆ ಎಂದು ತೀರ್ಪು ಕೊಟ್ಟರು. ಅದೇ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಕಾರಣ ನಿಯಮ ನ್ಯಾಯವಾಗಿದೆ ಎಂದಲ್ಲ. ಎನ್‌ಸಿಎಎ ನೇರವಾಗಿ ಸರ್ಕಾರದ ಹಣ ಪಡೆಯುವ ಸಂಸ್ಥೆಯಲ್ಲ, ಹಾಗಾಗಿ ಸರ್ಕಾರದ ಹಣ ಪಡೆಯುವವರು ಜನಾಂಗ ತಾರತಮ್ಯ ಮಾಡಬಾರದು ಎಂಬ ಕಾಯಿದೆ ಅದಕ್ಕೆ ತಾಗುವುದಿಲ್ಲ ಎಂದು.

2003ರಲ್ಲಿ ಎನ್‌ಸಿಎಎ ತಾನಾಗಿಯೇ ಅಳತೆಯನ್ನು ಸಡಿಲಿಸಿತು. 3.55 ಜಿಪಿಎ ಇದ್ದವನಿಗೆ ಎಸ್‌ಎಟಿಯಲ್ಲಿ 400 ಸಾಕು. 400 ಎಂದರೆ ಆ ಪರೀಕ್ಷೆಯಲ್ಲಿ ಬರಬಹುದಾದ ಅತಿ ಕಡಿಮೆ ಅಂಕ, ಅದಕ್ಕಿಂತ ಕೆಳಗೆ ಯಾರಿಗೂ ಬರುವುದಿಲ್ಲ. 2023ರ ಜನವರಿಯಲ್ಲಂತೂ ಟೆಸ್ಟನ್ನೇ ಪೂರ್ತಿ ಕೈಬಿಟ್ಟರು. ಸಂತೋಷ. ಆದರೆ 1986ರಿಂದ ಅದರ ಹೆಸರಲ್ಲಿ ಒಂದು ವರ್ಷ, ಕೆಲವೊಮ್ಮೆ ಕಾಲೇಜನ್ನೇ ಕಳೆದುಕೊಂಡವರಿಗೆ ಯಾರೂ ಏನನ್ನೂ ಹಿಂದಿರುಗಿಸಲಿಲ್ಲ.

ಟೆಸ್ಟ್ ಹೋಯಿತಲ್ಲ, ಈಗೇನು ತಕರಾರು ಎನ್ನಬಹುದು. ಆ 10 ಕೋರ್ಸಿನ ಷರತ್ತನ್ನು ಹತ್ತಿರದಿಂದ ನೋಡಿ. ಪರ ವಾದದವರು ಅದನ್ನು ಮೆಚ್ಚಿಕೊಂಡರು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು ಆಗಿರಬೇಕು, ಮತ್ತು ಕೊನೆಯ ವರ್ಷ ಶುರುವಾದ ಕ್ಷಣದಿಂದ ಅವುಗಳ ಗ್ರೇಡುಗಳಿಗೆ ಬೀಗ. ಮತ್ತೆ ಕೂತು ಓದಿ ಒಳ್ಳೆಯ ಗ್ರೇಡ್ ತಂದರೂ ಸೇರಿಸಿಕೊಳ್ಳುವುದಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪನ ಕೆಲಸ ಹೋಗಿ ಮೂರು ಶಾಲೆ ಬದಲಿಸಿದ ಹುಡುಗ, ಹದಿನೇಳಕ್ಕೆ ಎಚ್ಚೆತ್ತು ಹಗಲೂ ರಾತ್ರಿ ಓದಿದ ಎಂದಿಟ್ಟುಕೊಳ್ಳಿ. ಆ ಕೋರ್ಸುಗಳನ್ನು ಅವನು ಮತ್ತೆ ಓದಿದ್ದು ಅಂಕಪಟ್ಟಿಗೆ ಸೇರುತ್ತದೆ, ಅರ್ಹತೆಗೆ ಸೇರುವುದಿಲ್ಲ. ಓದಲಿ ಎಂದು ಮಾಡಿದ ನಿಯಮ ಓದಿದ್ದನ್ನೇ ಒಪ್ಪದಿದ್ದರೆ ಏನೆನ್ನುವುದು? ಇದರ ಮೇಲೆ, ಯಾವ ಕೋರ್ಸು ಕೋರ್ ಎಂಬುದನ್ನು ಅವನ ಶಾಲೆ ಎನ್‌ಸಿಎಎಗೆ ಸಲ್ಲಿಸಿ ಒಪ್ಪಿಗೆ ಪಡೆದಿರಬೇಕು. ಹುಷಾರಾದ ಕೌನ್ಸಿಲರ್ ಇರುವ ಉಪನಗರದ ಶಾಲೆಯಲ್ಲಿ ಇದು ಮಾಮೂಲಿ ಕಾಗದಪತ್ರ. ನೂರಾರು ಮಕ್ಕಳಿಗೆ ಒಬ್ಬ ಕೌನ್ಸಿಲರ್ ಇರುವ ಶಾಲೆಯಲ್ಲಿ, ಮಾಡಿ ಮುಗಿಸಿದ ಕೋರ್ಸು ಪಟ್ಟಿಯಲ್ಲೇ ಇರಲಿಲ್ಲ ಎಂಬುದು ಕೊನೆಯ ವರ್ಷ ತಿಳಿದರೆ ಆಶ್ಚರ್ಯವಿಲ್ಲ.

ಹೊರದೇಶದ ಹುಡುಗರ ಪಾಡು ಇನ್ನೂ ಬೇರೆ. ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಬಂದಾಗ ಇಂಗ್ಲಿಷ್ ಹೆಚ್ಚೂಕಡಿಮೆ ಬಾರದು. ಅಲ್ಲಿಂದ ನಾಲ್ಕು ವರ್ಷದ ಇಂಗ್ಲಿಷ್ ಕೋರ್ಸುಗಳ ಲೆಕ್ಕ! ಕೊನೆಗೆ ಅವರು ಕಾಲೇಜು ತಂಡಕ್ಕೆ ಆಡಲೇ ಇಲ್ಲ. 2015ರಲ್ಲಿ ಅಕಾಡೆಮಿಯಿಂದಲೇ ಎನ್‌ಬಿಎ ಡ್ರಾಫ್ಟಿಗೆ (ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹೋಗಿ, 52ನೆಯವರಾಗಿ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಆಯ್ಕೆಯಾದರು.

ಇಷ್ಟೆಲ್ಲ ಬಿಗಿ ಮಾಡಿ ಒಳಗೆ ಬಿಟ್ಟ ಮೇಲೆ ಏನು ನಡೆಯುತ್ತದೆ? ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಪಾಠವೇ ಇಲ್ಲದ, ಒಂದು ಪ್ರಬಂಧ ಕೊಟ್ಟರೆ ಗ್ರೇಡ್ ಸಿಗುವ ಕೋರ್ಸುಗಳು ನಡೆದವು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವನ್ನು ತೆಗೆದುಕೊಂಡಿದ್ದರು, ಅವರಲ್ಲಿ ಸುಮಾರು ಅರ್ಧದಷ್ಟು ಕ್ರೀಡಾಪಟುಗಳು. ಆ ಕೋರ್ಸುಗಳು ಉಳಿದ ವಿದ್ಯಾರ್ಥಿಗಳಿಗೂ ತೆರೆದಿದ್ದವಲ್ಲ ಎಂಬ ವಾದ ಗೆದ್ದು, 2017ರಲ್ಲಿ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೆ ಶಿಕ್ಷೆ ವಿಧಿಸದೆ ಕೈತೊಳೆದುಕೊಂಡಿತು. ಹೈಸ್ಕೂಲಿನ ಒಂಬತ್ತನೇ ತರಗತಿಯ ವಿಜ್ಞಾನದ ಗ್ರೇಡನ್ನು ಬೀಗ ಹಾಕಿ ಕಾಯುವ ಸಂಸ್ಥೆಗೆ ತನ್ನದೇ ಸದಸ್ಯ ವಿಶ್ವವಿದ್ಯಾಲಯದ ಪಾಠ ಅಸಲಿಯೋ ನಕಲಿಯೋ ಎಂದು ಹೇಳುವ ಅಧಿಕಾರವಿಲ್ಲವಂತೆ.

ಹಾಗಾದರೆ ಕಾಲೇಜಿಗೇ ಶಿಕ್ಷೆ ಕೊಡಿ ಎಂಬುದು ಸಹಜ ಉತ್ತರ. ಅದೂ ಇದೆ, ತಂಡದ ಓದಿನ ಪ್ರಗತಿಗೆ ಅಂಕ ಕೊಡುವ ಎಪಿಆರ್ ಲೆಕ್ಕ. ಅದು ಕಡಿಮೆಯಾಯಿತೆಂದು 2013ರ ರಾಷ್ಟ್ರೀಯ ಟೂರ್ನಿಯಿಂದ ಕನೆಕ್ಟಿಕಟ್ ತಂಡವನ್ನು ಹೊರಗಿಟ್ಟರು. ಆದರೆ ಅಂಕ ಕೆಡಿಸಿದವರಲ್ಲಿ ಹಲವರು ಅಷ್ಟರೊಳಗೆ ಹೋಗಿಯಾಗಿತ್ತು, ಕೂತು ನೋಡಿದವರು ಆ ವರ್ಷದ ಹುಡುಗರು. (ಬಹುಪಾಲು ಅದೇ ತಂಡ ಮರುವರ್ಷ ಚಾಂಪಿಯನ್ ಆಯಿತು, ಅದು ಬೇರೆ ಮಾತು.) ಹಾಗಾಗಿ ಇದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಒಪ್ಪಿಗೆಯಾಗುವುದು ಹಳೆಯ ಪದ್ಧತಿ. 1972ರವರೆಗೆ ಸಾಮಾನ್ಯವಾಗಿ ಮೊದಲ ವರ್ಷದ ಯಾವ ವಿದ್ಯಾರ್ಥಿಯೂ ಕಾಲೇಜಿನ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುವಂತಿರಲಿಲ್ಲ. ಮುಂದೆ ಕರೀಮ್ ಅಬ್ದುಲ್-ಜಬ್ಬಾರ್ ಆದ ಲ್ಯೂ ಆಲ್ಸಿಂಡರ್ ಕೂಡ 1965ರಲ್ಲಿ ಯುಸಿಎಲ್‌ಎ ಹೊಸಬರ ತಂಡದಲ್ಲೇ ಇದ್ದರು, ಆ ತಂಡ ಹಾಲಿ ಚಾಂಪಿಯನ್ ಆಗಿದ್ದ ತನ್ನದೇ ಮುಖ್ಯ ತಂಡವನ್ನು 75-60ರಲ್ಲಿ ಸೋಲಿಸಿತು. ಬಡವ, ಬಲ್ಲಿದ, ಎ ಗ್ರೇಡಿನವ, ಡಿ ಗ್ರೇಡಿನವ, ಎಲ್ಲರಿಗೂ ಒಂದೇ ವರ್ಷ. ಯಾರ ಹಣೆಗೂ ‘ಅನರ್ಹ’ ಎಂಬ ಚೀಟಿ ಇಲ್ಲ, ಹೈಸ್ಕೂಲಿನ ಕಾಗದ ಕೆದಕುವ ಕಚೇರಿಯೂ ಬೇಡ.

2015ರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವಾದ ಬಿಗ್ ಟೆನ್ ಇದನ್ನೇ ಮತ್ತೆ ತರೋಣವೇ ಎಂದು ಚರ್ಚೆಗಿಟ್ಟಿತು. ಅದು ಜಾರಿಗೆ ಬರಲಿಲ್ಲ. ಹೈಸ್ಕೂಲ್ ಮುಗಿದು ಒಂದು ವರ್ಷ ಕಳೆಯದೆ ಡ್ರಾಫ್ಟಿಗೆ ಬರುವಂತಿಲ್ಲ ಎಂದು ಎನ್‌ಬಿಎ 2006ರಿಂದ ನಿಯಮ ಮಾಡಿದ ಮೇಲೆ, ದೊಡ್ಡ ದೊಡ್ಡ ಹುಡುಗರು ಕಾಲೇಜಿನಲ್ಲಿ ಇರುವುದೇ ಆ ಒಂದು ವರ್ಷ. ಅದನ್ನು ಓದಿಗೆ ಬಿಟ್ಟುಕೊಟ್ಟರೆ ಕಾಲೇಜಿಗೆ ಅವರಿಂದ ಒಂದು ಪಂದ್ಯವೂ ಸಿಗುವುದಿಲ್ಲ.